ಮನೆ ಕಂಪ್ಯೂಟರಿಗೆ ಡಿಫೆಂಡರ್ ಸಾಕು, ಆದರೆ ಬಂದ ಹಾಗೇ ಬಿಟ್ಟರೆ ಸಾಲದು

ಮೊದಲೇ ಅಂಕ ಕೊಟ್ಟುಬಿಡುತ್ತೇನೆ: ಐದಕ್ಕೆ ನಾಲ್ಕು. ವಿಂಡೋಸ್ ಜೊತೆಗೇ ಪುಕ್ಕಟೆ ಬರುವ ಮೈಕ್ರೋಸಾಫ್ಟ್ ಡಿಫೆಂಡರ್ ಬಗ್ಗೆ ಹೇಳುತ್ತಿದ್ದೇನೆ. ಬ್ರಾಡ್‌ಬ್ಯಾಂಡ್ ಇದ್ದು ಕಂಪ್ಯೂಟರ್ ದಿನವಿಡೀ ನೆಟ್‌ಗೆ ಅಂಟಿಕೊಂಡೇ ಇರುವ ಮನೆಗಳಲ್ಲಿ ಯಾವ ಆಂಟಿವೈರಸ್ ಕೊಳ್ಳಬೇಕು ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಹೆಚ್ಚಿನವರು ಕೊಳ್ಳಬೇಕಾಗಿಲ್ಲ, ಇದು ನನ್ನ ಉತ್ತರ. ಹಾಗಂತ "ಇದೆಯಲ್ಲ, ಸಾಕು" ಅಂತ ಸುಮ್ನೆ ಕೂತರೂ ಆಗದು. ಡಿಫೆಂಡರಿನ ತುಂಬಾ ಒಳ್ಳೆಯ ಒಂದೆರಡು ಸ್ವಿಚ್‌ಗಳು ಆಫ್ ಆಗಿಯೇ ಬರುತ್ತವೆ. ಅದರ ಕೈಗೆ ಸಿಗದ ಎರಡು ಜಾಗಗಳೂ ಇವೆ, ಒಂದು ರೂಟರ್, ಇನ್ನೊಂದು ಕ್ಲಿಕ್ ಮಾಡುವ ನಮ್ಮದೇ ಬೆರಳು. ನಾನು ಒಂದು ಅಂಕ ಕಡಿಮೆ ಮಾಡಿದ್ದು ಆ ಸ್ವಿಚ್‌ಗಳ ಕಾರಣಕ್ಕೆ. ರೂಟರಿಗೆ, ಬೆರಳಿಗೆ ಅದನ್ನು ಬೈಯುವುದು ನ್ಯಾಯವಲ್ಲ, ಆದರೆ ಅವನ್ನು ಬಿಟ್ಟು ಬರೆದರೆ ಈ ರಿವ್ಯೂ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ.

ಡಿಫೆಂಡರ್ ಅಂದರೆ ಮೂಗು ಮುರಿಯುವವರು ಇನ್ನೂ ಇದ್ದಾರೆ. ಅದಕ್ಕೆ ಕಾರಣ ಇಲ್ಲದೇ ಇಲ್ಲ. 2004ರ ಕೊನೆಗೆ ಮೈಕ್ರೋಸಾಫ್ಟ್ ಜಯಂಟ್ ಅನ್ನುವ ಸಣ್ಣ ಕಂಪನಿಯನ್ನು ಕೊಂಡು, ಅದರ ಸ್ಪೈವೇರ್ (ನಮ್ಮ ಮಾಹಿತಿಯನ್ನು ಕದ್ದು ಸಾಗಿಸುವ ಸಾಫ್ಟ್‌ವೇರ್) ತೆಗೆಯುವ ಸಾಫ್ಟ್‌ವೇರಿಗೆ ಹೊಸ ಹೆಸರಿಟ್ಟಿತು. ಡಿಫೆಂಡರ್ ಹುಟ್ಟಿದ್ದು ಹಾಗೆ. ಆಗ ಅದು ಪೂರ್ತಿ ಆಂಟಿವೈರಸ್ ಆಗಿರಲೇ ಇಲ್ಲ. 2009ರಲ್ಲಿ ಸೆಕ್ಯುರಿಟಿ ಎಸೆನ್ಷಿಯಲ್ಸ್ ಅಂತ ಬೇರೊಂದು ಪುಕ್ಕಟೆ ಆಂಟಿವೈರಸ್ ಬಂತು. 2012ರಲ್ಲಿ ವಿಂಡೋಸ್ 8 ಬಂದಾಗ ಆ ಕೆಲಸವನ್ನೆಲ್ಲ ಡಿಫೆಂಡರ್ ಹೆಸರಿನಲ್ಲಿ ವಿಂಡೋಸ್ ಒಳಗೇ ಸೇರಿಸಿದರು. ಅದೇ ವರ್ಷದ ಕೊನೆಗೆ ಆಂಟಿವೈರಸ್‌ಗಳನ್ನು ಪರೀಕ್ಷಿಸುವ ಜರ್ಮನಿಯ ಎವಿ-ಟೆಸ್ಟ್ ಸಂಸ್ಥೆಯ ಪರೀಕ್ಷೆಯಲ್ಲಿ ಎಸೆನ್ಷಿಯಲ್ಸ್ ಸರ್ಟಿಫಿಕೇಟ್ ಕಳೆದುಕೊಂಡಿತು. ಆ ಕಾಲದ ಕೆಟ್ಟ ಹೆಸರು ಇವತ್ತಿಗೂ ಬಿಟ್ಟಿಲ್ಲ. ಈಗಿನ ಸ್ಥಿತಿ ಬೇರೆ. ಎವಿ-ಟೆಸ್ಟ್ ರಕ್ಷಣೆ, ವೇಗ, ಬಳಕೆ ಅಂತ ಮೂರು ವಿಭಾಗಕ್ಕೆ ತಲಾ 6, ಒಟ್ಟು 18 ಅಂಕ ಇಟ್ಟು ನೋಡುತ್ತದೆ. ಈಚಿನ ವರ್ಷಗಳಲ್ಲಿ ಡಿಫೆಂಡರ್ 18ಕ್ಕೆ 18 ತೆಗೆದದ್ದು ಹಲವು ಸಲ.

ಪರೀಕ್ಷಾಲಯದವರ ಅಂಕ ಏನೇ ಇರಲಿ, ನಮ್ಮ ಕಂಪ್ಯೂಟರಿನಲ್ಲಿ ಅದು ಎದ್ದಿದೆಯೋ ಮಲಗಿದೆಯೋ ಅಂತ ನಾವೇ ನೋಡಬಹುದು. ಅದಕ್ಕೆ ಐಕಾರ್ ಟೆಸ್ಟ್ ಫೈಲ್ ಅಂತ ಒಂದಿದೆ. ಅದು ವೈರಸ್ ಅಲ್ಲ, 68 ಅಕ್ಷರಗಳ ಒಂದು ಸಾಲು ಅಷ್ಟೇ, ಆದರೆ ಇದನ್ನು ಕಂಡರೆ ವೈರಸ್ ಅಂತಲೇ ಕೂಗಬೇಕು ಎಂದು ಆಂಟಿವೈರಸ್ ಕಂಪನಿಗಳೆಲ್ಲ ಒಪ್ಪಿಕೊಂಡಿವೆ. ಐಕಾರ್ ಸಂಸ್ಥೆಯ ಸೈಟಿನಿಂದ ಆ ಸಾಲನ್ನು ಕಾಪಿ ಮಾಡಿ ನೋಟ್‌ಪ್ಯಾಡಿನಲ್ಲಿ ಹಾಕಿ ಸೇವ್ ಒತ್ತಿದೆ. ಫೈಲ್ ಡೆಸ್ಕ್‌ಟಾಪಿನ ಮೇಲೆ ಒಂದು ಕ್ಷಣ ಮಿನುಗಿ ಮಾಯವಾಯಿತು, ಬಲಗಡೆ ಕೆಳಗಿನ ಮೂಲೆಯಲ್ಲಿ ಎಚ್ಚರಿಕೆ ಬಂತು. ಪ್ರೊಟೆಕ್ಷನ್ ಹಿಸ್ಟರಿ ತೆರೆದರೆ ಕೆಂಪು ಗುರುತು, ಪಕ್ಕದಲ್ಲಿ "ಸಿವಿಯರ್" ಅನ್ನುವ ಪದ, ಹೆಸರಿನಲ್ಲಿ ಐಕಾರ್. ದುಡ್ಡು ಕೊಟ್ಟ ಸಾಫ್ಟ್‌ವೇರ್ ಇಟ್ಟುಕೊಂಡವರೂ ಇದನ್ನು ಒಮ್ಮೆ ಮಾಡಿ ನೋಡಿ. ಮೂಲೆಯಲ್ಲಿ ಐಕಾನ್ ಇದೆ ಅಂದ ಮಾತ್ರಕ್ಕೆ ಒಳಗೆ ಕೆಲಸ ನಡೆಯುತ್ತಿದೆ ಅಂತ ಅಲ್ಲ. ಇದರಿಂದ ಗೊತ್ತಾಗುವುದು ಅದು ಎಚ್ಚರವಾಗಿದೆ ಅನ್ನುವುದಷ್ಟೇ, ಎಷ್ಟು ಚುರುಕು ಅನ್ನುವುದು ಅಲ್ಲ.

ಇದೇ ಫೈಲನ್ನು ಪಾಸ್‌ವರ್ಡ್ ಹಾಕಿದ ಜಿಪ್ ಒಳಗೆ ಇಟ್ಟರೆ ಯಾವ ಆಂಟಿವೈರಸ್‌ಗೂ ಒಳಗೆ ಇಣುಕಲು ಆಗುವುದಿಲ್ಲ. ನಾವು ಬಿಚ್ಚಿದ ಮೇಲೇ ಅದಕ್ಕೆ ಕಾಣುವುದು. ಮೋಸದ ಮೇಲ್‌ಗಳಲ್ಲಿ ಜಿಪ್ ಜೊತೆಗೆ "ಪಾಸ್‌ವರ್ಡ್ 1234" ಅಂತ ಬರೆದು ಕಳಿಸುವುದು ಯಾಕೆ ಅಂತ ಈಗ ಗೊತ್ತಾಯಿತಲ್ವಾ? ಇನ್ನೊಂದು, ಫೈಲಿನ ಹೆಸರಿನ ಬಾಲವನ್ನು ವಿಂಡೋಸ್ ಇವತ್ತಿಗೂ ಮುಚ್ಚಿಡುತ್ತದೆ. ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ ಅನ್ನುವುದು ತೆರೆಯ ಮೇಲೆ ಬಿಲ್ ಡಾಟ್ ಪಿಡಿಎಫ್ ಅಂತಲೇ ಕಾಣುತ್ತದೆ, ಐಕಾನ್ ಕೂಡ ಪಿಡಿಎಫ್‌ನದ್ದೇ ಇಟ್ಟಿರುತ್ತಾರೆ. ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಮೆನುವಿಗೆ ಹೋಗಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಅನ್ನುವುದಕ್ಕೆ ಟಿಕ್ ಹಾಕಿ. ಇದು ಡಿಫೆಂಡರ್ ಸೆಟ್ಟಿಂಗ್ ಅಲ್ಲ, ಆದರೆ ಅದರ ಅರ್ಧ ಕೆಲಸ ಕಡಿಮೆ ಮಾಡುತ್ತದೆ.

ಡಿಫೆಂಡರಿನ ಬಲ ಇರುವುದು ಕ್ಲೌಡಿನಲ್ಲಿ. ಅನುಮಾನ ಬಂದ ಫೈಲಿನ ವಿವರವನ್ನು ಮೈಕ್ರೋಸಾಫ್ಟ್ ಸರ್ವರಿಗೆ ಕಳಿಸಿ, ಉತ್ತರ ಬರುವ ತನಕ ಅದನ್ನು ಓಡಲು ಬಿಡದೆ ಹಿಡಿದಿಡುತ್ತದೆ. ಬ್ರಾಡ್‌ಬ್ಯಾಂಡ್ ಇದ್ದರೆ ಇದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ನೆಟ್ ಇಲ್ಲದಾಗ ಹಿಡಿತ ಸಡಿಲವಾಗುತ್ತದೆ. ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್ ಪರೀಕ್ಷೆಗಳಲ್ಲೂ ಇದರ ಆನ್‌ಲೈನ್ ಅಂಕಕ್ಕೂ ಆಫ್‌ಲೈನ್ ಅಂಕಕ್ಕೂ ಅಂತರ ಎದ್ದು ಕಾಣುತ್ತದೆ. ಹಾಗಾಗಿ ನೆಟ್ ಇಲ್ಲದ ಕಂಪ್ಯೂಟರಿಗೆ ಪೆನ್‌ಡ್ರೈವ್‌ಗಳನ್ನು ಚುಚ್ಚುತ್ತಾ ಇರುವವರಿಗೆ ಇದು ಅಷ್ಟು ಒಳ್ಳೆಯ ಆಯ್ಕೆ ಅಲ್ಲ. ನಮ್ಮ ಫೈಲ್ ಅವರಿಗೆ ಯಾಕೆ ಹೋಗಬೇಕು ಅಂತ ಯೋಚಿಸುವವರು ಕ್ಲೌಡ್ ಪ್ರೊಟೆಕ್ಷನ್ ಆನ್ ಇಟ್ಟು, ಸ್ಯಾಂಪಲ್ ಕಳಿಸುವುದನ್ನು ಮಾತ್ರ ಆಫ್ ಮಾಡಬಹುದು. ಆಮೇಲೆ ಅದು ಸೆಟ್ಟಿಂಗ್ಸ್ ಪುಟದಲ್ಲಿ ಹಳದಿ ತ್ರಿಕೋನ ತೋರಿಸಿ ಗೊಣಗುತ್ತದೆ. ಗೊಣಗಲಿ ಬಿಡಿ.

ಈಗ ಆ ಸ್ವಿಚ್‌ಗಳ ವಿಷಯ. ಸ್ಟಾರ್ಟ್ ಮೆನುವಿನಲ್ಲಿ ವಿಂಡೋಸ್ ಸೆಕ್ಯುರಿಟಿ ಅಂತ ಹುಡುಕಿ ತೆರೆಯಿರಿ. ಆ್ಯಪ್ ಅಂಡ್ ಬ್ರೌಸರ್ ಕಂಟ್ರೋಲ್ ಒಳಗೆ ರೆಪ್ಯುಟೇಶನ್ ಆಧಾರದ ರಕ್ಷಣೆ ಅಂತ ಒಂದು ಪುಟ ಇದೆ, ಅಲ್ಲಿ ಬೇಡದ ಆ್ಯಪ್‌ಗಳನ್ನು ತಡೆಯುವ ಆಯ್ಕೆ ಆನ್ ಇದೆಯಾ ನೋಡಿ. ಪೂರ್ತಿ ವೈರಸ್ ಅಲ್ಲದ, ಆದರೆ ಬ್ರೌಸರಿನ ಮುಖಪುಟ ಬದಲಿಸಿ ಜಾಹೀರಾತು ತುರುಕುವ ಸಾಫ್ಟ್‌ವೇರ್‌ಗಳನ್ನು ಹಿಡಿಯುವುದು ಇದೇ. 2021ರ ಆಗಸ್ಟ್‌ನಿಂದ ಇದು ತಾನಾಗೇ ಆನ್ ಆಗುತ್ತಿದೆ, ಆದರೂ ಹಳೆಯ ಕಂಪ್ಯೂಟರುಗಳಲ್ಲಿ ಒಮ್ಮೆ ನೋಡುವುದು ಒಳ್ಳೆಯದು. ಟ್ಯಾಂಪರ್ ಪ್ರೊಟೆಕ್ಷನ್ ಆನ್ ಇರಲಿ. ಅದಿದ್ದರೆ ಒಳಗೆ ನುಗ್ಗಿದ ಮಾಲ್‌ವೇರ್ (ವೈರಸ್ ತರಹದ ಕೇಡಿನ ಸಾಫ್ಟ್‌ವೇರ್) ಮೊದಲು ಡಿಫೆಂಡರನ್ನೇ ಮಲಗಿಸುವುದು ಕಷ್ಟ. ವಿಂಡೋಸಿನ ತಿರುಳಿಗೆ ಕೆಟ್ಟ ಕೋಡ್ ನುಸುಳದಂತೆ ತಡೆಯುವ, ಕೋರ್ ಐಸೊಲೇಶನ್ ಒಳಗಿನ ಮೆಮೊರಿ ಇಂಟಿಗ್ರಿಟಿಯನ್ನೂ ಆನ್ ಮಾಡಿ, ಯಾವುದಾದರೂ ಹಳೆಯ ಡ್ರೈವರ್ (ಯಂತ್ರದ ಭಾಗಗಳನ್ನು ನಡೆಸುವ ಸಾಫ್ಟ್‌ವೇರ್) ತಕರಾರು ಮಾಡಿದರೆ ಅದೇ ಹೆಸರು ಹೇಳುತ್ತದೆ.

ನಿಜವಾಗಿ ಸಮಯ ಕೊಡಬೇಕಾದ್ದು ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್‌ಗೆ. ಇದು 2017ರ ಅಕ್ಟೋಬರಿನ ವಿಂಡೋಸ್ 10 ಅಪ್‌ಡೇಟ್ ಜೊತೆ ಬಂತು. ಆ ವರ್ಷದ ಮೇ 12ರಂದು ವಾನಾಕ್ರೈ ಜಗತ್ತಿನ ತುಂಬ ಕಂಪ್ಯೂಟರುಗಳ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳಿತ್ತು, ನೆನಪಿದೆಯಾ? ಅಂಥ ರ‍್ಯಾನ್ಸಮ್‌ವೇರ್‌ಗೆ ಎದುರಾಗಿ ಮಾಡಿದ್ದು ಇದು. ಆನ್ ಮಾಡಿದರೆ ಡಾಕ್ಯುಮೆಂಟ್ಸ್, ಪಿಕ್ಚರ್ಸ್, ವಿಡಿಯೋಸ್, ಮ್ಯೂಸಿಕ್ ಈ ಫೋಲ್ಡರುಗಳಲ್ಲಿ ಗುರುತು ಪರಿಚಯ ಇಲ್ಲದ ಸಾಫ್ಟ್‌ವೇರ್ ಏನನ್ನೂ ಬರೆಯಲು, ಬದಲಿಸಲು, ಅಳಿಸಲು ಆಗುವುದಿಲ್ಲ. ಫೋಟೋಗಳು ಬೇರೆ ಡ್ರೈವಿನಲ್ಲಿದ್ದರೆ ಆ ಫೋಲ್ಡರನ್ನೂ ಪಟ್ಟಿಗೆ ಸೇರಿಸಬಹುದು. ಇಷ್ಟು ಒಳ್ಳೆಯದನ್ನು ಮೈಕ್ರೋಸಾಫ್ಟ್ ಆಫ್ ಮಾಡಿಯೇ ಕಳಿಸುತ್ತದೆ, ಅದೂ ವೈರಸ್ ಪುಟದ ತೀರಾ ಕೆಳಗೆ, ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್ ಅನ್ನುವ ಲಿಂಕಿನ ಹಿಂದೆ.

ಯಾಕೆ ಆಫ್ ಅಂತ ಆನ್ ಮಾಡಿದ ಮೊದಲ ವಾರದಲ್ಲೇ ಗೊತ್ತಾಗುತ್ತದೆ. ಫೋಟೋ ಎಡಿಟ್ ಮಾಡಿ ಸೇವ್ ಒತ್ತಿದರೆ "ಫೈಲ್ ಸಿಗಲಿಲ್ಲ" ಅನ್ನುವ ತಲೆಬುಡ ಇಲ್ಲದ ದೋಷ ಬಂತು. ಡಿಫೆಂಡರ್ ತಡೆದದ್ದು ಆ ಎಡಿಟರಿಗೆ ಗೊತ್ತಿಲ್ಲ, ತನಗೆ ತಿಳಿದ ಭಾಷೆಯಲ್ಲಿ ಅದು ಗೋಳಾಡುತ್ತದೆ. ಆಟಗಳದ್ದು ಇನ್ನೂ ದೊಡ್ಡ ಗೋಳು. ಬಹಳಷ್ಟು ಗೇಮ್‌ಗಳು ಸೇವ್ ಫೈಲನ್ನು ಡಾಕ್ಯುಮೆಂಟ್ಸ್ ಒಳಗೇ ಇಡುತ್ತವೆ, ಆಡಿದ್ದೆಲ್ಲ ಸೇವ್ ಆಗದೆ ಹೋದಾಗ ಮನೆಯ ಮಕ್ಕಳು ಯಾರನ್ನು ಹುಡುಕಿಕೊಂಡು ಬರುತ್ತಾರೆ ಅಂತ ಹೇಳಬೇಕಾಗಿಲ್ಲ. ಪರಿಹಾರ ಸುಲಭ. ಅದೇ ಪುಟದಲ್ಲಿ ಆ್ಯಪ್‌ಗೆ ಅನುಮತಿ ಕೊಡುವ ಲಿಂಕ್ ಇದೆ, ಅದರೊಳಗೆ ಇತ್ತೀಚೆಗೆ ತಡೆದ ಆ್ಯಪ್‌ಗಳ ಪಟ್ಟಿ ಸಿಗುತ್ತದೆ, ಪಕ್ಕದ ಪ್ಲಸ್ ಒತ್ತಿದರೆ ಆಯಿತು. ಮೊದಲ ಕೆಲವು ದಿನ ಹೀಗೆ ಒಂದೊಂದಕ್ಕೇ ಅನುಮತಿ ಕೊಡುತ್ತಾ ಹೋದರೆ ಆಮೇಲೆ ಅದು ಅಲ್ಲಿದೆ ಅನ್ನುವುದೇ ಮರೆತುಹೋಗುತ್ತದೆ. ಒಂದು ಮಿತಿ ಮಾತ್ರ ತಿಳಿದಿರಲಿ: ಇದು ಬರೆಯುವುದನ್ನು ತಡೆಯುತ್ತದೆ, ಓದುವುದನ್ನಲ್ಲ. ನಿಮ್ಮ ಫೈಲ್ ಕದ್ದು ಹೊರಗೆ ಕಳಿಸುವವನಿಗೆ ಇದರಿಂದ ಅಡ್ಡಿ ಇಲ್ಲ.

ವೇಗದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದಿನದ ಬಳಕೆಯಲ್ಲಿ ಗೊತ್ತೇ ಆಗುವುದಿಲ್ಲ. ಸಾವಿರಾರು ಸಣ್ಣ ಫೈಲ್‌ಗಳನ್ನು ಒಟ್ಟಿಗೆ ಕಾಪಿ ಮಾಡುವಾಗ, ದೊಡ್ಡ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡುವಾಗ ಎಳೆಯುತ್ತದೆ, ಹಳೆಯ ಹಾರ್ಡ್ ಡಿಸ್ಕ್ ಇದ್ದರಂತೂ ಕುಂಟುತ್ತದೆ. ಟಾಸ್ಕ್ ಮ್ಯಾನೇಜರಿನಲ್ಲಿ ಆಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್ ಅನ್ನುವುದು ಮೇಲೆ ಬಂದು ಕೂತಿದ್ದರೆ ಅದು ಇದೇ, ಗಾಬರಿ ಬೇಡ. ವೇಗ ಸಾಲದು ಅಂತ ಡೌನ್‌ಲೋಡ್ಸ್ ಫೋಲ್ಡರನ್ನೇ ಸ್ಕ್ಯಾನ್‌ನಿಂದ ಹೊರಗಿಡಿ ಅಂತ ಸಲಹೆ ಕೊಡುವ ವಿಡಿಯೋಗಳಿವೆ. ದಯವಿಟ್ಟು ಬೇಡ.

ಕಿರಿಕಿರಿಗಳೂ ಇವೆ. ವಿಂಡೋಸ್ ಸೆಕ್ಯುರಿಟಿ ಅನ್ನುವುದು ಆ್ಯಪ್, ಡಿಫೆಂಡರ್ ಅದರೊಳಗಿನ ಎಂಜಿನ್. ಇದು ಸಾಲದು ಅಂತ ಮೈಕ್ರೋಸಾಫ್ಟ್ 365 ಚಂದಾದಾರರಿಗೆ ಮೈಕ್ರೋಸಾಫ್ಟ್ ಡಿಫೆಂಡರ್ ಅನ್ನುವ ಹೆಸರಿನ ಇನ್ನೊಂದು ಆ್ಯಪ್ ಬೇರೆ ಇದೆ. ಹೊಸಬರಿಗೆ ಯಾವುದು ಯಾವುದು ಅಂತ ತಲೆ ಕೆಡುತ್ತದೆ. ಒನ್‌ಡ್ರೈವ್ ಸೆಟಪ್ ಮಾಡಿ, ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಸೈನ್ ಇನ್ ಆಗಿ ಅಂತ ಹಳದಿ ತ್ರಿಕೋನ ತೋರಿಸುವುದೂ ನನಗೆ ಹಿಡಿಸುವುದಿಲ್ಲ. ಅದು ಭದ್ರತೆಯ ಎಚ್ಚರಿಕೆಯ ವೇಷ ಹಾಕಿದ ಜಾಹೀರಾತು. ಡಿಸ್ಮಿಸ್ ಒತ್ತಿದರೆ ಹೋಗುತ್ತದೆ.

ಆದರೂ ಇದರ ಕಿರಿಕಿರಿ, ದುಡ್ಡು ಕೇಳುವ ಸಾಫ್ಟ್‌ವೇರ್‌ಗಳ ಮುಂದೆ ಏನೂ ಅಲ್ಲ. ಹೊಸ ಲ್ಯಾಪ್‌ಟಾಪ್ ಜೊತೆ ಒಂದು ಆಂಟಿವೈರಸಿನ ಟ್ರಯಲ್ ಬಂದಿತ್ತು, ಹೆಸರು ಬೇಡ. ಬೇರೆ ಆಂಟಿವೈರಸ್ ಇದ್ದರೆ ಡಿಫೆಂಡರ್ ತಾನಾಗೇ ಪಕ್ಕಕ್ಕೆ ಸರಿಯುತ್ತದೆ, ಎರಡು ಒಟ್ಟಿಗೆ ಓಡಿದರೆ ಒಂದಕ್ಕೊಂದು ಕಾಲು ಎಳೆಯುತ್ತವೆ ಅಂತ. ಅದು ಸರಿಯೇ. ಆದರೆ ಟ್ರಯಲ್ ಮುಗಿಯುವ ದಿನ ಹತ್ತಿರ ಬಂದ ಹಾಗೆ "ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ" ಅನ್ನುವ ಕಿಟಕಿ ಹೊತ್ತಿಲ್ಲ ಗೊತ್ತಿಲ್ಲ ಅಂತ ಏಳುತ್ತಿತ್ತು, ಮುಚ್ಚುವ ಗುಂಡಿ ಹುಡುಕಿದಷ್ಟೂ ಸಣ್ಣದು. ವೈರಸ್ ಹಾಕುವವರು ಹೆದರಿಸುವ ರೀತಿಗೂ ಇದಕ್ಕೂ ವ್ಯತ್ಯಾಸ ಹೇಳುವುದು ಕಷ್ಟ. ತೆಗೆದುಹಾಕಿ ರೀಸ್ಟಾರ್ಟ್ ಮಾಡಿದ ಮೇಲೆ ಡಿಫೆಂಡರ್ ಸದ್ದಿಲ್ಲದೆ ಮರಳಿ ಬಂತು.

ಬೇರೆ ಪುಕ್ಕಟೆ ಆಂಟಿವೈರಸ್‌ಗಳ ಬಗ್ಗೆ ನನಗೆ ಅನುಮಾನ ಜಾಸ್ತಿ. ಅವಾಸ್ಟ್ ತನ್ನ ಬಳಕೆದಾರರು ಯಾವ ಸೈಟಿಗೆ ಹೋಗುತ್ತಾರೆ ಅನ್ನುವ ವಿವರವನ್ನು ಜಂಪ್‌ಶಾಟ್ ಅನ್ನುವ ತನ್ನದೇ ಅಂಗಸಂಸ್ಥೆಯ ಮೂಲಕ ಮಾರುತ್ತಿತ್ತು. ಸುದ್ದಿ ಹೊರಬಿದ್ದ ಮೇಲೆ 2020ರ ಜನವರಿಯಲ್ಲಿ ಜಂಪ್‌ಶಾಟ್ ಮುಚ್ಚಿದರು, 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ದಂಡ ಕಟ್ಟಿಸಿತು. ಕಾವಲಿಗೆ ಇಟ್ಟುಕೊಂಡದ್ದೇ ಹೀಗೆ ಮಾಡಿದರೆ ಇನ್ನು ಯಾರನ್ನು ನಂಬುವುದು?

ಬ್ರೌಸರ್ ವಿಷಯದಲ್ಲಿ ಒಂದು ತಿಳಿದಿರಬೇಕು. ಡಿಫೆಂಡರಿನ ಜೊತೆಗಾರ ಸ್ಮಾರ್ಟ್‌ಸ್ಕ್ರೀನ್ ಕೆಟ್ಟ ವೆಬ್‌ಸೈಟುಗಳನ್ನು ತಡೆಯುವುದು ಎಡ್ಜ್ ಬ್ರೌಸರಿನಲ್ಲಿ. ಕ್ರೋಮ್, ಫೈರ್‌ಫಾಕ್ಸ್ ಬಳಸಿದರೆ ಆ ಕೆಲಸ ಗೂಗಲ್ ಸೇಫ್ ಬ್ರೌಸಿಂಗ್‌ದು. ಎರಡೂ ಕೆಟ್ಟದ್ದೇನಲ್ಲ. ಆದರೆ ನನ್ನ ಮಟ್ಟಿಗೆ ಇವೆರಡಕ್ಕಿಂತ ಹೆಚ್ಚು ಲಾಭ ಕೊಟ್ಟದ್ದು ಒಂದು ಆ್ಯಡ್ ಬ್ಲಾಕರ್, ಯುಬ್ಲಾಕ್ ಒರಿಜಿನ್. ಕ್ರೋಮ್‌ನಲ್ಲಿ ಈಗ ಅದರ ಲೈಟ್ ಆವೃತ್ತಿ ಮಾತ್ರ. ಸಾಫ್ಟ್‌ವೇರಿನ ಹೆಸರು ಹುಡುಕಿದರೆ ಮೇಲುಗಡೆ ಬರುವ ಜಾಹೀರಾತು, ನೋಡಲು ಥೇಟ್ ಅಸಲಿ ಸೈಟ್, ಡೌನ್‌ಲೋಡ್ ಒತ್ತಿದರೆ ಬರುವುದು ಮಾಲ್‌ವೇರ್. ಈ ದಾರಿಯಲ್ಲಿ ಬರುವುದು ಎಷ್ಟು ಜಾಸ್ತಿ ಆಯಿತು ಅಂದರೆ 2022ರ ಡಿಸೆಂಬರಿನಲ್ಲಿ ಅಮೆರಿಕದ ಎಫ್‌ಬಿಐ ಕೂಡ ಹುಡುಕುವಾಗ ಆ್ಯಡ್ ಬ್ಲಾಕರ್ ಹಾಕಿಕೊಳ್ಳಿ ಅಂತ ಜನರಿಗೆ ಸಲಹೆ ಕೊಟ್ಟಿತು.

ಇನ್ನು ರೂಟರ್. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ವರ್ಮ್ (ತಾನಾಗೇ ಕಂಪ್ಯೂಟರಿಂದ ಕಂಪ್ಯೂಟರಿಗೆ ಹರಡುವ ಮಾಲ್‌ವೇರ್) ಬಂದಾಗ ಯಾರೂ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ. ಮೋಡೆಮ್ ಮೂಲಕ ನೇರವಾಗಿ ನೆಟ್‌ಗೆ ಸಿಕ್ಕಿಸಿದ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿನ 135ನೇ ಪೋರ್ಟ್, ಅಂದರೆ ನೆಟ್‌ನಿಂದ ಒಳಬರುವ ಒಂದು ಬಾಗಿಲು, ತೆರೆದಿತ್ತು, ಹೊರಗಿಂದ ವರ್ಮ್ ಬಂದು ತಾನೇ ಹೊಕ್ಕುತ್ತಿತ್ತು. ತೆರೆಯ ಮೇಲೆ 60 ಸೆಕೆಂಡಿನ ಎಣಿಕೆ ಶುರುವಾಗಿ ಕಂಪ್ಯೂಟರ್ ತನ್ನಷ್ಟಕ್ಕೆ ರೀಸ್ಟಾರ್ಟ್ ಆಗುತ್ತಿತ್ತು. ಮರುವರ್ಷ ಬಂದ ಎಕ್ಸ್‌ಪಿಯ ದೊಡ್ಡ ಅಪ್‌ಡೇಟ್ ಸರ್ವಿಸ್ ಪ್ಯಾಕ್ 2ರಲ್ಲಿ ಮೈಕ್ರೋಸಾಫ್ಟ್ ಇಂಥ ಬಾಗಿಲು ಕಾಯುವ ಫೈರ್‌ವಾಲನ್ನು ತಾನಾಗೇ ಆನ್ ಆಗುವ ಹಾಗೆ ಮಾಡಿತು. ಇವತ್ತು ಮನೆಯ ಕಂಪ್ಯೂಟರಿಗೂ ಹೊರಗಿನ ನೆಟ್‌ಗೂ ನಡುವೆ ರೂಟರ್ ಕೂತಿದೆ. ಒಳಗಿಂದ ನಾವು ಕೇಳದೆ ಹೊರಗಿಂದ ಬರುವ ಯಾವುದನ್ನೂ ಅದು ಒಳಗೆ ಬಿಡುವುದಿಲ್ಲ. ಇದರಿಂದ ಆದ ಉಪಕಾರ ಯಾವ ಆಂಟಿವೈರಸಿನದ್ದಕ್ಕೂ ಕಡಿಮೆ ಅಲ್ಲ.

ಆದರೆ ರೂಟರ್ ತಾನೇ ಒಂದು ಸಣ್ಣ ಕಂಪ್ಯೂಟರ್. ಅದರೊಳಗೆ ಡಿಫೆಂಡರ್ ಇಲ್ಲ, ಇಣುಕಿ ನೋಡುವವರೂ ಇಲ್ಲ. 2016ರ ಮಿರಾಯ್ ಬಾಟ್‌ನೆಟ್ (ವಶಪಡಿಸಿಕೊಂಡ ಸಾಧನಗಳ ದಂಡು) ಮಾಡಿದ್ದು ಇಷ್ಟೇ: ಕಾರ್ಖಾನೆಯಿಂದ ಬಂದ ಅಡ್ಮಿನ್-ಅಡ್ಮಿನ್ ತರಹದ ಸುಮಾರು 60 ಯೂಸರ್‌ನೇಮ್-ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಹಾಕಿ ನೋಡಿದ್ದು. ಅದರಿಂದಲೇ ಲಕ್ಷಗಟ್ಟಲೆ ಕ್ಯಾಮೆರಾ, ರೂಟರ್‌ಗಳು ಅದರ ಕೈಗೆ ಬಿದ್ದವು. 2018ರಲ್ಲಿ ವಿಪಿಎನ್‌ಫಿಲ್ಟರ್ ಅನ್ನುವ ಮಾಲ್‌ವೇರ್ ಕನಿಷ್ಠ 5 ಲಕ್ಷ ಸಾಧನಗಳಲ್ಲಿ ಸಿಕ್ಕಿತು, ಅದರಲ್ಲಿ ಹೆಚ್ಚಿನವು ಮನೆ ಮತ್ತು ಸಣ್ಣ ಆಫೀಸುಗಳ ರೂಟರ್‌ಗಳು. ನನ್ನ ಬ್ರಾಡ್‌ಬ್ಯಾಂಡ್ ಕಂಪನಿಯವರು ಕೊಟ್ಟ ಪೆಟ್ಟಿಗೆಯ ಪಾಸ್‌ವರ್ಡ್ ಕೂಡ ಅದರ ಹೊಟ್ಟೆಯ ಸ್ಟಿಕ್ಕರಿನ ಮೇಲೆ ಅಡ್ಮಿನ್ ಅಂತಲೇ ಇತ್ತು. ಹಾಕಲು ಬಂದವರು ವೈಫೈ ಪಾಸ್‌ವರ್ಡ್ ಬದಲಿಸಿಕೊಟ್ಟರು, ಇದನ್ನು ಮುಟ್ಟಲಿಲ್ಲ. ಇವೆರಡೂ ಬೇರೆ ಬೇರೆ ಅಂತ ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ.

ಬ್ರೌಸರಿನಲ್ಲಿ 192.168.1.1 ಅಥವಾ 192.168.0.1 ಹಾಕಿದರೆ ಸಾಮಾನ್ಯವಾಗಿ ರೂಟರಿನ ಪುಟ ಬರುತ್ತದೆ. ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಹೊರಗಿನ ನೆಟ್‌ನಿಂದ ಈ ಪುಟ ತೆರೆಯಲು ಬಿಡುವ ರಿಮೋಟ್ ಮ್ಯಾನೇಜ್‌ಮೆಂಟ್ ಆನ್ ಇದ್ದರೆ ಆಫ್ ಮಾಡಿ. ಪಾಸ್‌ವರ್ಡ್ ಬದಲು ಗುಂಡಿ ಅಥವಾ ಪಿನ್ ಬಳಸಿ ವೈಫೈಗೆ ಸೇರಿಸುವ ಡಬ್ಲ್ಯುಪಿಎಸ್ ಆಫ್. ಅದರ ಪಿನ್ ಮುರಿಯುವ ದಾರಿ 2011ರಲ್ಲೇ ಬಯಲಾಗಿದೆ. ಯುಪಿಎನ್‌ಪಿ ಅನ್ನುವುದು ಒಳಗಿನ ಯಾವ ಸಾಫ್ಟ್‌ವೇರ್ ಕೇಳಿದರೂ ಹೊರಗಿನಿಂದ ಬರಲು ಪೋರ್ಟ್ ತೆರೆದುಕೊಡುತ್ತದೆ, ಕೇಳಿದ್ದು ಗೇಮೋ ಮಾಲ್‌ವೇರೋ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಆಫ್ ಮಾಡಿ ನೋಡಿ, ಆಟಗಳಿಗೆ ತೊಂದರೆ ಆಗದಿದ್ದರೆ ಹಾಗೇ ಬಿಡಿ. ಐಪಿವಿ6 (ನೆಟ್ ವಿಳಾಸಗಳ ಹೊಸ ಪದ್ಧತಿ) ಇದ್ದರೆ ಅದಕ್ಕೂ ಫೈರ್‌ವಾಲ್ ಆನ್ ಇದೆಯಾ ನೋಡಿಕೊಳ್ಳಿ, ಏಕೆಂದರೆ ಅಲ್ಲಿ ಹಳೆಯ ಹಾಗೆ ವಿಳಾಸ ಮರೆಮಾಡುವ ಏರ್ಪಾಡು ಸಾಮಾನ್ಯವಾಗಿ ಇರುವುದಿಲ್ಲ. ಕೊನೆಗೆ ಡಿಎನ್‌ಎಸ್ ಸಾಲು ನೋಡಿ, ಸೈಟಿನ ಹೆಸರು ಕೊಟ್ಟರೆ ಅದರ ವಿಳಾಸ ಹುಡುಕಿಕೊಡುವ ಸೇವೆ ಅದು. ಅಲ್ಲಿ ನೀವು ಹಾಕದ, ನಿಮ್ಮ ಕಂಪನಿಯದ್ದೂ ಅಲ್ಲದ ವಿಳಾಸ ಇದ್ದರೆ ಏನೋ ಎಡವಟ್ಟಾಗಿದೆ. ಡಿಎನ್‌ಎಸ್‌ಚೇಂಜರ್ ಅನ್ನುವ ಮಾಲ್‌ವೇರ್ ಹಿಂದೆ ಇದನ್ನೇ ತಿರುಚಿ ಜನರನ್ನು ಬೇರೆ ಸೈಟಿಗೆ ತಿರುಗಿಸುತ್ತಿತ್ತು. ನಾನು ಅಲ್ಲಿ ಕ್ವಾಡ್9 ಸೇವೆಯ 9.9.9.9 ಹಾಕಿದ್ದೇನೆ. ಮಾಲ್‌ವೇರ್ ಹರಡುವ ಸೈಟುಗಳ ಹೆಸರು ಕೇಳಿದರೆ ಅದು ವಿಳಾಸವನ್ನೇ ಕೊಡುವುದಿಲ್ಲ, ಹಾಗಾಗಿ ಮನೆಯ ಫೋನ್, ಟಿವಿಗಳಿಗೂ ಅದರ ನೆರಳು ಸಿಗುತ್ತದೆ. ಪುಕ್ಕಟೆ.

ಎಲ್ಲಕ್ಕಿಂತ ಕಷ್ಟದ್ದು ಬೆರಳಿನ ವಿಷಯ. 2024ರಿಂದೀಚೆಗೆ ಒಂದು ಮೋಸ ಜೋರಾಗಿ ನಡೆಯುತ್ತಿದೆ, ಅದಕ್ಕೆ ಕ್ಲಿಕ್‌ಫಿಕ್ಸ್ ಅಂತ ಹೆಸರು. ಯಾವುದೋ ಪುಟ ತೆರೆದಾಗ "ನೀವು ರೋಬೋಟ್ ಅಲ್ಲ ಎಂದು ತೋರಿಸಿ" ಅಂತ ಬರುತ್ತದೆ. ಇದು ನಮಗೆಲ್ಲ ಅಭ್ಯಾಸ ಆಗಿಬಿಟ್ಟಿದೆ, ಟಿಕ್ ಹಾಕುತ್ತೇವೆ. ಆಗ ಮೂರು ಹೆಜ್ಜೆ ತೋರಿಸುತ್ತದೆ: ವಿಂಡೋಸ್ ಕೀ ಜೊತೆ ಆರ್ ಒತ್ತಿ, ಕಂಟ್ರೋಲ್ ಜೊತೆ ವಿ ಒತ್ತಿ, ಎಂಟರ್ ಒತ್ತಿ. ಟಿಕ್ ಹಾಕಿದ ಕ್ಷಣದಲ್ಲೇ ಆ ಪುಟ ಒಂದು ಕಮಾಂಡನ್ನು ನಮ್ಮ ಕ್ಲಿಪ್‌ಬೋರ್ಡಿಗೆ ಇಳಿಸಿರುತ್ತದೆ. ಮೊದಲ ಹೆಜ್ಜೆಗೆ ರನ್ ಅನ್ನುವ ಸಣ್ಣ ಪೆಟ್ಟಿಗೆ ತೆರೆಯುತ್ತದೆ, ಎರಡನೆಯದಕ್ಕೆ ಆ ಕಮಾಂಡ್ ಅದರಲ್ಲಿ ಬಂದು ಕೂರುತ್ತದೆ. ಪೆಟ್ಟಿಗೆ ಚಿಕ್ಕದು, ಕಮಾಂಡ್ ಉದ್ದ, ಹಾಗಾಗಿ ಕಾಣುವುದು ಕೊನೆಯ ತುದಿ ಮಾತ್ರ. ಅಲ್ಲಿ "ವೆರಿಫಿಕೇಶನ್ ನಂಬರ್" ಅಂತ ಏನೋ ಸಾಚಾ ಪದಗಳನ್ನು ಬರೆದಿಟ್ಟಿರುತ್ತಾರೆ. ಎಂಟರ್ ಒತ್ತಿದರೆ ಕಮಾಂಡ್‌ಗಳನ್ನು ನಡೆಸುವ ವಿಂಡೋಸಿನದೇ ಪವರ್‌ಶೆಲ್ ಓಡಿ ಹೊರಗಿಂದ ಮಾಲ್‌ವೇರ್ ತಂದು ಹಾಕುತ್ತದೆ. ಇಲ್ಲಿ ಯಾವ ಫೈಲೂ ಡೌನ್‌ಲೋಡ್ ಆಗಿ ಬಿದ್ದಿಲ್ಲ, ಸ್ಮಾರ್ಟ್‌ಸ್ಕ್ರೀನ್ ತಡೆಯಲು ಏನೂ ಇಲ್ಲ. ಕಳ್ಳನನ್ನು ನಾವೇ ಬಾಗಿಲು ತೆಗೆದು ಒಳಗೆ ಕೂರಿಸಿದ ಹಾಗೆ. ಡಿಫೆಂಡರ್ ಎಷ್ಟೋ ಸಲ ಇದನ್ನೂ ಹಿಡಿಯುತ್ತದೆ, ಹೊಸ ರೂಪ ಬಂದಾಗ ತಪ್ಪಿಹೋಗುತ್ತದೆ. ದುಡ್ಡು ಕೊಟ್ಟವೂ ಅಷ್ಟೇ.

ಹೀಗೆ ಬರುವವು ಹೆಚ್ಚಾಗಿ ಇನ್ಫೋಸ್ಟೀಲರ್‌ಗಳು. ಅವು ಫೈಲಿಗೆ ಬೀಗ ಹಾಕಿ ಗಲಾಟೆ ಮಾಡುವುದಿಲ್ಲ. ಬ್ರೌಸರಿನಲ್ಲಿ ಸೇವ್ ಆಗಿರುವ ಪಾಸ್‌ವರ್ಡ್, ಕುಕಿಗಳನ್ನು ಬಾಚಿಕೊಂಡು ನಿಮಿಷದೊಳಗೆ ಹೊರಡುತ್ತವೆ. ಲುಮ್ಮಾ ಅನ್ನುವುದು ಇವುಗಳಲ್ಲಿ ದೊಡ್ಡ ಹೆಸರು. 2025ರ ಮಾರ್ಚ್ 16ರಿಂದ ಮೇ 16ರವರೆಗೆ, ಎರಡೇ ತಿಂಗಳಲ್ಲಿ, 3,94,000ಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರುಗಳಲ್ಲಿ ಅದು ಸಿಕ್ಕಿತ್ತು ಅಂತ ಅದರ ಜಾಲವನ್ನು ಮುರಿಯಲು ಕೋರ್ಟಿಗೆ ಹೋದ ಮೈಕ್ರೋಸಾಫ್ಟೇ ಹೇಳಿತು. ಕುಕಿ ಹೋಯಿತು ಅಂದರೆ ಲಾಗಿನ್ ಆಗಿರುವ ಸ್ಥಿತಿಯೇ ಹೋಯಿತು ಅಂತ ಅರ್ಥ, ಅದಕ್ಕೆ ಒಟಿಪಿ ಕೂಡ ಅಡ್ಡ ಬರುವುದಿಲ್ಲ. ಯಾರಾದರೂ ಈ ಬಲೆಗೆ ಬಿದ್ದರೆ ಪಾಸ್‌ವರ್ಡ್ ಬದಲಿಸಿದರಷ್ಟೇ ಸಾಲದು. ಬೇರೊಂದು ಶುದ್ಧ ಸಾಧನದಿಂದ ಬದಲಿಸಬೇಕು, ಜೊತೆಗೆ ಎಲ್ಲ ಕಡೆಯಿಂದ ಸೈನ್ ಔಟ್ ಆಗುವ ಆಯ್ಕೆಯನ್ನೂ ಒತ್ತಬೇಕು.

ಮನೆಯಲ್ಲಿ ಹಲವರು ಬಳಸುವ ಕಂಪ್ಯೂಟರಾದರೆ ಎಲ್ಲರಿಗೂ ಸ್ಟ್ಯಾಂಡರ್ಡ್ ಅಕೌಂಟ್ ಕೊಟ್ಟು ಅಡ್ಮಿನ್ ಒಂದನ್ನು ಬೇರೆ ಇಟ್ಟುಬಿಡಿ. ವಿಂಡೋಸ್ ಹಾಕುವಾಗ ಮೊದಲು ಮಾಡಿದ ಅಕೌಂಟ್ ಅಡ್ಮಿನ್ ಆಗಿಯೇ ಇರುತ್ತದೆ, ಎಲ್ಲರೂ ಅದನ್ನೇ ಬಳಸುತ್ತಾರೆ. ಇನ್ಫೋಸ್ಟೀಲರಿಗೆ ಇದರಿಂದ ಜಾಸ್ತಿ ತೊಂದರೆ ಇಲ್ಲ, ಅದಕ್ಕೆ ಅಡ್ಮಿನ್ ಬೇಕಾಗಿಲ್ಲ. ಆದರೆ ಆಳಕ್ಕೆ ಬೇರು ಬಿಡುವ ಮಾಲ್‌ವೇರ್‌ಗೆ ಇದು ಒಳ್ಳೆಯ ತಡೆ.

ಒಳಗೆ ಏನೋ ಹೊಕ್ಕಿದೆ ಅನ್ನಿಸಿದರೆ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಬಳಸಿ. ಸ್ಕ್ಯಾನ್ ಆಪ್ಷನ್ಸ್ ಒಳಗಿದೆ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವ ಮುಂಚೆಯೇ ಹುಡುಕುತ್ತದೆ, ಹಾಗಾಗಿ ಅಡಗಿ ಕೂತದ್ದಕ್ಕೆ ತಪ್ಪಿಸಿಕೊಳ್ಳುವುದು ಕಷ್ಟ. ಸುಮಾರು 15 ನಿಮಿಷದ ಕೆಲಸ. ತೆರೆದಿಟ್ಟ ಕೆಲಸ ಮೊದಲು ಸೇವ್ ಮಾಡಿ, ಅದು ಕಾಯುವುದಿಲ್ಲ. ಇನ್ನೊಬ್ಬರ ಅಭಿಪ್ರಾಯ ಬೇಕಾದರೆ ಮಾಲ್‌ವೇರ್‌ಬೈಟ್ಸ್‌ನ ಪುಕ್ಕಟೆ ಆವೃತ್ತಿ ಹಾಕಿ ಒಮ್ಮೆ ಸ್ಕ್ಯಾನ್ ಮಾಡಬಹುದು. ಒಂದು ಫೈಲಿನ ಮೇಲೆ ಮಾತ್ರ ಅನುಮಾನ ಇದ್ದರೆ ವೈರಸ್‌ಟೋಟಲ್ ಸೈಟಿಗೆ ಏರಿಸಿ, ಹತ್ತಾರು ಎಂಜಿನ್‌ಗಳು ಒಟ್ಟಿಗೆ ನೋಡುತ್ತವೆ. ಅಲ್ಲಿಗೆ ಏರಿಸಿದ್ದು ಬೇರೆಯವರ ಕೈಗೂ ಸಿಗುತ್ತದೆ, ಹಾಗಾಗಿ ನಿಮ್ಮ ಖಾಸಗಿ ಕಾಗದಪತ್ರ ಹಾಕಬೇಡಿ. ಬ್ಯಾಕಪ್ ಬಗ್ಗೆ ಎಲ್ಲರಿಗೂ ಗೊತ್ತು, ಮಾಡುವವರು ಕಡಿಮೆ. ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡಿದ ಮೇಲೆ ಅದನ್ನು ಕಿತ್ತಿಡಿ. ಸಿಕ್ಕಿಸಿಯೇ ಬಿಟ್ಟರೆ ರ‍್ಯಾನ್ಸಮ್‌ವೇರ್ ಅದನ್ನೂ ಸೇರಿಸಿಕೊಂಡೇ ಬೀಗ ಹಾಕುತ್ತದೆ.

ಹಾಗಾದರೆ ದುಡ್ಡು ಕೊಟ್ಟು ಯಾರು ಕೊಳ್ಳಬೇಕು? ಫೋನ್, ಮ್ಯಾಕ್, ವಿಂಡೋಸ್ ಎಲ್ಲವನ್ನೂ ಒಂದೇ ಪುಟದಿಂದ ನೋಡಿಕೊಳ್ಳಬೇಕು ಅನ್ನುವವರು, ತೊಂದರೆ ಆದಾಗ ಕರೆ ಮಾಡಿ ಕೇಳಲು ಒಬ್ಬರು ಬೇಕು ಅನ್ನುವವರು ಕೊಳ್ಳಲಿ. ಇಸೆಟ್, ಬಿಟ್‌ಡಿಫೆಂಡರ್ ತರಹದವು ಪರೀಕ್ಷೆಗಳಲ್ಲಿ ಚೆನ್ನಾಗಿಯೇ ಮಾಡುತ್ತವೆ. ವಿಪಿಎನ್, ಕ್ಲೀನರ್, ಡ್ರೈವರ್ ಅಪ್‌ಡೇಟರ್ ಅಂತ ಜೊತೆಗೆ ಕಟ್ಟಿಕೊಡುವ ಗಂಟನ್ನು ನೋಡಿ ಮಾತ್ರ ಮರುಳಾಗಬೇಡಿ.

ವಿಂಡೋಸ್ 10ರಲ್ಲೇ ಉಳಿದವರಿಗೆ ಒಂದು ಮಾತು. ಅದರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಡಿಫೆಂಡರಿನ ವೈರಸ್ ಪಟ್ಟಿ ಮಾತ್ರ 2028ರ ಅಕ್ಟೋಬರ್‌ವರೆಗೆ ಬರುತ್ತದೆ ಅಂತ ಮೈಕ್ರೋಸಾಫ್ಟ್ ಹೇಳಿದೆ. ಇದನ್ನು ಓದಿ "ಇನ್ನೂ ಟೈಮ್ ಇದೆ" ಅಂದುಕೊಳ್ಳುವವರು ಜಾಸ್ತಿ. ಪಟ್ಟಿ ಹೊಸದಾದರೂ ವಿಂಡೋಸಿನ ತೂತು ತೂತಾಗಿಯೇ ಉಳಿಯುತ್ತದೆ. ವಾನಾಕ್ರೈ ಬಳಸಿದ ತೂತಿಗೆ ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದೇ ಪ್ಯಾಚ್ ಕೊಟ್ಟಿತ್ತು, ಎರಡು ತಿಂಗಳು ಹಾಕಿಕೊಳ್ಳದೆ ಬಿಟ್ಟ ಕಂಪ್ಯೂಟರುಗಳೇ ಅದಕ್ಕೆ ಬಲಿಯಾದದ್ದು. ಮನೆ ಬಳಕೆದಾರರಿಗೆ ಹೆಚ್ಚುವರಿ ಪ್ಯಾಚ್‌ಗಳ ಯೋಜನೆ 2026ರ ಅಕ್ಟೋಬರ್ 13ರವರೆಗೆ ಇದೆ, ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಸೇರಿಕೊಳ್ಳಬಹುದು. ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಇಲ್ಲದೆ ವಿಂಡೋಸ್ 11 ಹತ್ತದ ಹಳೆಯ ಯಂತ್ರವಾದರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಹಾಕಿ ನೋಡಿ. ಅದೂ ಬೇಡ ಅಂದರೆ ಆ ಕಂಪ್ಯೂಟರಿನಲ್ಲಿ ಬ್ಯಾಂಕಿನ ಕೆಲಸವಂತೂ ಇಟ್ಟುಕೊಳ್ಳಬೇಡಿ.